ಹೊರಗಿನ ಕಾರ್ಡು

ಹಳೆಯ ನೆರೆಮನೆಯವರ ಮಗಳ ಅರಿಶಿನ ಶಾಸ್ತ್ರಕ್ಕೆಂದು ಕಳೆದ ತಿಂಗಳು ಕಲ್ಯಾಣದ ಪಕ್ಕದ ವಿಠ್ಠಲವಾಡಿಗೆ ಹೋಗಿದ್ದೆ. ಕೋಪರಖೈರಣೆಗೆ ಮನೆ ಬದಲಿಸಿದ ಮೇಲೆ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಸ್ಟೇಷನ್ನಿನಿಂದ ಇಳಿದು ನಾಲೆಯ ಪಕ್ಕದ ದಾರಿಯಲ್ಲಿ ನಡೆಯುವಾಗ ಒಬ್ಬ ಕಿರಾಣಿ ಅಂಗಡಿಯವನು ಮಳೆಗೆ ನೆನೆದ ಗೋಣಿಚೀಲಗಳನ್ನು ಕಟ್ಟೆಯ ಮೇಲೆ ಹರಡುತ್ತಿದ್ದ. ಒದ್ದೆ ಸೆಣಬು, ಮುಗ್ಗಿದ ಅಕ್ಕಿ, ಹುಳ ಕೊರೆದ ಗೋಧಿಯ ಹಿಟ್ಟು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತುಬಿಟ್ಟೆ. ಅರಿಶಿನದ ಮನೆಗೆ ಹೋದದ್ದು ಒಂದು ಗಂಟೆ ತಡವಾಗಿ.

ಆ ಒಂದು ಮಳೆಗಾಲ ನಾನು ಅಲ್ಲಿಯ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಮಷಿನ್ ನೋಡಿಕೊಳ್ಳುತ್ತಿದ್ದೆ. ಕಾರ್ಡಿನ ನಂಬರ್ ಒತ್ತುವುದು, ಬಂದವರ ಬೆರಳನ್ನು ಗಾಜಿನ ಮೇಲೆ ಇಡಿಸುವುದು, ಹೆಸರು ಬಂದರೆ ಚೀಟಿ ಹರಿದು ಕೊಡುವುದು. ನನ್ನ ಗಂಡ ಜಗನ್ನಾಥ ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮಗಳು ಕಾಲೇಜಿನಲ್ಲಿದ್ದಳು. ಉಡುಪಿಯಿಂದ ಮದುವೆಯಾಗಿ ಬಂದ ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಹೊರಗೆ ಕೆಲಸಕ್ಕೆ ಹೋದದ್ದು ಅದೇ ಮೊದಲ ಸಲ. ಅಂಗಡಿಯ ಮಾಲೀಕ ಸಾಳ್ವಿಗೆ ಮರಾಠಿ, ಹಿಂದಿ, ಕನ್ನಡ ಮೂರೂ ಬರುವವರು ಬೇಕಿದ್ದರು. ನಾಲೆಯಾಚೆಯ ಝೋಪಡಿಗಳಲ್ಲಿ ಕಲಬುರಗಿ, ರಾಯಚೂರು ಕಡೆಯ ಕೂಲಿಯವರು ತುಂಬಿದ್ದರು. ಅವರಿಗೆ ಉತ್ತರ ಹೇಳಲು ಒಂದು ಬಾಯಿ ಬೇಕಿತ್ತು. ಅದು ನಾನಾದೆ.

ನಮ್ಮ ಮನೆಯಲ್ಲೂ ಕಡಿಮೆ ಆದಾಯದವರಿಗೆ ಕೊಡುವ ಒಂದು ಕೇಸರಿ ರೇಷನ್ ಕಾರ್ಡು ಇತ್ತು. ಜಗನ್ನಾಥ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಕಾಲದಲ್ಲಿ ಮಾಡಿಸಿದ್ದು. ಆಗ ಅದು ನಮಗೆ ನಿಜವಾಗಿ ಬೇಕಿತ್ತು. ಆಮೇಲೆ ಬಿಲ್ಡಿಂಗಿನಲ್ಲಿ ಸ್ವಂತ ಖೋಲಿಯಾಯಿತು, ಫ್ರಿಜ್ ಬಂತು, ವಾಷಿಂಗ್ ಮಷಿನ್ ಬಂತು. ಕಾರ್ಡು ಮಾತ್ರ ಹಾಗೇ ಉಳಿಯಿತು. ಮೂರು ಜನಕ್ಕೆ ತಿಂಗಳಿಗೆ ಹದಿನೈದು ಕಿಲೋ ಧಾನ್ಯ ಬಿಟ್ಟಿಯಾಗಿ ಬರುತ್ತಿತ್ತು. ರೇಷನ್ ಅಕ್ಕಿ ದೋಸೆಗೆ ಚೆನ್ನ ಎಂದು ನಾನೇ ನಾಲ್ಕು ಜನರಿಗೆ ಹೇಳಿದ್ದೇನೆ. ನಮ್ಮ ಬಿಲ್ಡಿಂಗಿನಲ್ಲಿ ನಾವೊಬ್ಬರೇ ಅಲ್ಲ. ಸ್ಕೂಟರ್ ಇದ್ದವರೂ ಮುಖಕ್ಕೆ ದುಪಟ್ಟಾ ಕಟ್ಟಿಕೊಂಡು ಬಂದು ಬೆರಳು ಕೊಟ್ಟು ಹೋಗುತ್ತಿದ್ದರು. ನಾನು ಅವರ ಮುಖ ನೋಡುತ್ತಿರಲಿಲ್ಲ, ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಜೂನ್ ತಿಂಗಳ ಮೊದಲ ಮಳೆಗೆ ಮಲ್ಲಮ್ಮ ಬಂದಳು. ಕಲಬುರಗಿ ಜಿಲ್ಲೆಯವಳು. ಕಟ್ಟುತ್ತಿರುವ ಬಿಲ್ಡಿಂಗುಗಳಲ್ಲಿ ಸಿಮೆಂಟ್ ಹೊರುವ ಕೆಲಸ. ಗಂಡ ಶರಣಪ್ಪ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಊರಿನ ಮನೆಗೆ ಬೀಗ ಹಾಕಿ ಅತ್ತೆ, ಇಬ್ಬರು ಹೆಣ್ಣುಮಕ್ಕಳ ಸಮೇತ ಐದೂ ಜನ ಇಲ್ಲಿಗೆ ಬಂದಿದ್ದರು. ಕರ್ನಾಟಕದ ಬಿಪಿಎಲ್ ಕಾರ್ಡನ್ನು ಹಾಲಿನ ಪಾಕೀಟಿನೊಳಗೆ ಸುತ್ತಿ ರವಿಕೆಯಲ್ಲಿ ಇಟ್ಟುಕೊಂಡಿದ್ದಳು. ಅಂಥ ಕಾರ್ಡಿಗೆ ದೇಶದಲ್ಲಿ ಎಲ್ಲಿ ಬೇಕಾದರೂ ಧಾನ್ಯ ಕೊಡಬೇಕು ಎಂಬ ಪೋಸ್ಟರ್ ನಮ್ಮ ಅಂಗಡಿಯ ಗೋಡೆಯ ಮೇಲೇ ಇತ್ತು, ಮರಾಠಿಯಲ್ಲಿ. ಅವಳಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಸಾಳ್ವಿ ನನಗೆ ಮೊದಲ ದಿನವೇ ಹೇಳಿದ್ದ. ಹೊರಗಿನ ಕಾರ್ಡಿನವರು ಬಂದರೆ ಮಷಿನ್ ತೆಗೆದುಕೊಳ್ಳುವುದಿಲ್ಲ ಅನ್ನಬೇಕು, ಅಷ್ಟೇ, ವಾದ ಬೇಡ. ಯಾಕೆಂದು ಕೇಳಿದ್ದಕ್ಕೆ, ಇರುವ ದಾಸ್ತಾನು ಇಲ್ಲಿಯವರಿಗೇ ಸಾಲುವುದಿಲ್ಲ ಎಂದ. ಅವನ ದಾಸ್ತಾನಿನ ಒಂದು ಪಾಲು ಹಿಂಬಾಗಿಲಿನಿಂದ ಟೆಂಪೋ ಹತ್ತುತ್ತಿತ್ತು ಎಂಬುದು ನನಗೆ ಗೊತ್ತಾಗಲು ಹದಿನೈದು ದಿನ ಸಾಕಾಯಿತು. ಗೊತ್ತಾದ ಮೇಲೂ ನಾನು ಸ್ಟೂಲಿನಿಂದ ಎದ್ದು ಹೋಗಲಿಲ್ಲ.

ಮಲ್ಲಮ್ಮನಿಗೆ ನಾನು ಕನ್ನಡದಲ್ಲಿ ಹೇಳಿದೆ, ನಿಮ್ಮ ಕಾರ್ಡು ಇಲ್ಲಿ ಬರುವುದಿಲ್ಲಮ್ಮ ಎಂದು. ಅವಳಿಗೆ ಬೇಸರಕ್ಕಿಂತ ಹೆಚ್ಚು ಖುಷಿಯಾಗಿತ್ತು.

"ನೀವು ನಮ್ಮ ಕಡಿಯವ್ರಾ ಅಕ್ಕಾರ?" ಎಂದಳು. "ನೀವು ಇಲ್ಲಂದ್ರ ಇಲ್ಲ ಬಿಡ್ರಿ. ಬ್ಯಾರೆ ಯಾರರ ಅಂದಿದ್ರ ನಾ ನಂಬತಿದ್ದಿಲ್ಲ."

ಒಂದು ಮಧ್ಯಾಹ್ನ ಸಾಳ್ವಿ ಊಟಕ್ಕೆ ಹೋದಾಗ ನಾನು ಬರೆದಿಟ್ಟುಕೊಂಡಿದ್ದ ಅವಳ ಕಾರ್ಡಿನ ನಂಬರ್ ಒತ್ತಿ ನೋಡಿದೆ. ಐದೂ ಹೆಸರು ಬಂದವು. ಇಪ್ಪತ್ತೈದು ಕಿಲೋ ಬಾಕಿ ಎಂದು ತೋರಿಸಿತು. ನಾನು ಹಿಂದಕ್ಕೆ ಹೋಗುವ ಬಟನ್ ಒತ್ತಿದೆ. ಜುಲೈಯಲ್ಲಿ ಅವಳು ಮತ್ತೆ ಬಂದಾಗ ಅದೇ ಮಾತನ್ನು ಮತ್ತೆ ಹೇಳಿದೆ. ಕಿರಿಯ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಕೂದಲು ಜೋಳದ ರೇಷ್ಮೆಯ ಹಾಗೆ ಕೆಂಚಾಗಿತ್ತು. ಅದಕ್ಕೆ ನಾನು ಒಂದು ಬಿಸ್ಕೀಟು ಕೊಟ್ಟೆ.

ಆ ಜುಲೈಯಲ್ಲಿ ಅಂಗಡಿಯ ಮುಂದಿನ ಗಾಳಿಯೇ ಬದಲಾಗಿತ್ತು. ಬೆರಳು ಪರಿಶೀಲನೆ ಮುಗಿಸದವರ ಹೆಸರುಗಳನ್ನು ಪಟ್ಟಿಯಿಂದ ತೆಗೆದಿದ್ದರು. ಜನ ಬೆಳಿಗ್ಗೆ ಏಳಕ್ಕೇ ಮಳೆಯಲ್ಲಿ ನಿಂತು, ಹತ್ತು ಗಂಟೆಗೆ ಗಾಜಿನ ಮೇಲೆ ಬೆರಳಿಟ್ಟು, ಹೆಸರಿಲ್ಲ ಎಂದು ನನ್ನ ಬಾಯಿಂದ ಕೇಳಿ ಹೋಗುತ್ತಿದ್ದರು. ಸಿಮೆಂಟು ತಿಂದ ಬೆರಳು, ಸೋಡಾದಲ್ಲಿ ಬಟ್ಟೆ ಒಗೆದ ಬೆರಳು, ಮುದಿ ಬೆರಳು, ಯಾವುದನ್ನೂ ಮಷಿನ್ ಗುರುತಿಸುತ್ತಿರಲಿಲ್ಲ. ನಮ್ಮ ಬಿಲ್ಡಿಂಗಿನವರ ಬೆರಳು ಒಂದೇ ಸಲಕ್ಕೆ ಬರುತ್ತಿತ್ತು.

ಭಾಸ್ಕರ ಎಂಬ ಟೆಂಪೋ ಡ್ರೈವರ್ ಒಬ್ಬನಿದ್ದ. ನಾಲೆಯಾಚೆಯವನೇ, ಮರಾಠಿಯವನು, ಮೂರು ಮಕ್ಕಳ ತಂದೆ. ಅವನ ಕಾರ್ಡಿನ ಹೆಸರುಗಳೆಲ್ಲ ಪಟ್ಟಿಯಿಂದ ಹೋಗಿದ್ದವು. ನಾನು ಹಾಗೆಂದಾಗ ಅವನು ನಕ್ಕ. ಇನ್ನೊಮ್ಮೆ ನೋಡು ತಾಈ ಎಂದ. ನೋಡಿದೆ, ಇಲ್ಲ ಎಂದೆ. ಅವನು ಮುಷ್ಟಿಯಿಂದ ಕೌಂಟರಿನ ಗಾಜಿಗೆ ಹೊಡೆದ. ಗಾಜು ನನ್ನ ಮಡಿಲಿಗೆ ಬಿತ್ತು. ಸಾಳ್ವಿಯೂ ಅವನ ಹಮಾಲನೂ ಸೇರಿ ಭಾಸ್ಕರನನ್ನು ಕುತ್ತಿಗೆ ಹಿಡಿದು ಒಳಗೆಳೆದರು. ಶಟರ್ ಅರ್ಧ ಇಳಿಸಿ, ಅದನ್ನು ಎಳೆಯುವ ಕಬ್ಬಿಣದ ಸರಳಿನಿಂದ ಹೊಡೆದರು. ಮೊದಲು ಅವನು ಬೈಯುತ್ತಿದ್ದ. ಆಮೇಲೆ ಬರೀ ಉಸಿರಿನ ಸದ್ದು. ಹೊರಗೆ ಸಾಲಿನಲ್ಲಿದ್ದವರು ಜಾಗ ಬಿಟ್ಟು ಅಲುಗಾಡಲಿಲ್ಲ, ಅಲುಗಾಡಿದರೆ ಸರದಿ ಹೋಗುತ್ತಿತ್ತು. ಅವನನ್ನು ಹೊರಗೆ ದಬ್ಬಿದಾಗ ಮೆಟ್ಟಿಲ ಮೇಲೆ ಎರಡು ಹಲ್ಲು ಬಿದ್ದಿದ್ದವು. ಸಾಳ್ವಿ ಕೈ ಒರೆಸಿಕೊಂಡು, ಮುಂದಿನವರನ್ನು ಕರಿ ಎಂದ. ನಾನು ಮುಂದಿನವರನ್ನು ಕರೆದೆ.

ಆ ದಿನದ ಮೇಲೂ ಭಾಸ್ಕರ ಬರುವುದು ಬಿಡಲಿಲ್ಲ. ವಾರಕ್ಕೆರಡು ಸಲ ಬಂದು, ಸಾಲಿನ ಕೊನೆಯಲ್ಲಿ ನಿಂತು, ತನ್ನ ಹೆಸರು ಮರಳಿ ಬಂತೇ ಎಂದು ಕೇಳಿ ಹೋಗುತ್ತಿದ್ದ. ಬಾಯಿ ತೆರೆದರೆ ಮುಂದಿನ ಹಲ್ಲಿನ ಜಾಗ ಕಪ್ಪಗೆ ಕಾಣುತ್ತಿತ್ತು.

ಆಗಸ್ಟಿನ ಮೂರನೆಯ ವಾರ ಇರಬೇಕು. ರಾತ್ರಿಯಿಡೀ ಸುರಿದ ಮಳೆಗೆ ನಾಲೆ ತುಂಬಿ ದಾರಿಗೆ ಬಂದಿತ್ತು. ಹತ್ತು ಗಂಟೆಗೆ ಮಲ್ಲಮ್ಮ ಗಂಡನನ್ನು ಕರೆದುಕೊಂಡು ಬಂದಳು. ಶರಣಪ್ಪನನ್ನು ನಾನು ಅದೇ ಮೊದಲು ನೋಡಿದ್ದು. ಎತ್ತರದ ಆಳು, ಮೆಲು ಮಾತು. ಆ ದಿನದ ಪಾಳಿ ಬಿಟ್ಟು ಕಳಂಬೋಲಿಯಿಂದ ಬಸ್ಸು ಹಿಡಿದು ನೇರ ಬಂದಿದ್ದ, ಕಬ್ಬಿಣದ ಕಟ್ಟು ಎಳೆಯುವ ಕೊಕ್ಕೆ ಹಮಾಲರ ರೂಢಿಯಂತೆ ಹೆಗಲಿಗೆ ನೇತುಹಾಕಿಕೊಂಡೇ ಇತ್ತು. ಕಾರ್ಡನ್ನು ಕೌಂಟರ್ ಮೇಲಿಟ್ಟು, "ಇನ್ನೊಮ್ಮಿ ಹಾಕಿ ನೋಡ್ರಿ ಅಕ್ಕಾರ" ಎಂದ. "ನಮ್ಮೂರಾಂವ ಒಬ್ಬ ಕಳಂಬೋಲಿಯಾಗ ಇಂಥಾದ್ದೇ ಕಾರ್ಡಿನ ಮ್ಯಾಲ ಅಕ್ಕಿ ತಗೊಂಡಾನ."

ಸಾಳ್ವಿ ನನ್ನ ಬೆನ್ನ ಹಿಂದೆ ನಿಂತಿದ್ದ. ನಾನು ನಂಬರ್ ಒತ್ತಿದೆ. ಹೆಸರುಗಳು ಬಂದವು. ಬರುವುದಿಲ್ಲ ಅಂತ ಮೊದಲೇ ಹೇಳಿದೆನಲ್ಲ ಎಂದು ನಾನೆಂದೆ.

ಅವನು ಕೈ ಚಾಚಿ ಮಷಿನ್ನನ್ನು ತನ್ನ ಕಡೆ ತಿರುಗಿಸಿಕೊಂಡ. ಏಳನೆಯ ಇಯತ್ತೆವರೆಗೆ ಓದಿದ್ದನಂತೆ. ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿ ಒಂದೊಂದೇ ಹೆಸರು ಓದಿದ. ಹೆಂಡತಿಯದು, ತನ್ನದು, ತಾಯಿಯದು, ಇಬ್ಬರು ಮಕ್ಕಳದು. ಆಮೇಲೆ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟು ಇರಲಿಲ್ಲ.

"ಬಂದದಲ್ರಿ" ಎಂದ.

ಸಾಳ್ವಿ ಅವನ ಕೈಗೆ ಹೊಡೆದು ಮಷಿನ್ ಕಿತ್ತುಕೊಂಡ. ಆಮೇಲೆ ಸಾಲಿನ ಕಡೆ ತಿರುಗಿ ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದ, ನಿಮಗೆ ಯಾಕೆ ಸಿಗುತ್ತಿಲ್ಲ ಅಂತ ಕೇಳುತ್ತಿದ್ದಿರಲ್ಲ, ಇಲ್ಲಿ ನೋಡಿ, ಕರ್ನಾಟಕದಿಂದ ಬಂದು ನಿಮ್ಮ ಪಾಲು ಕೇಳುತ್ತಿದ್ದಾರೆ, ಕೊಕ್ಕೆ ಹಿಡಿದುಕೊಂಡು ಬಂದಿದ್ದಾರೆ.

ಅಷ್ಟೇ ಸಾಕಾಯಿತು. ಮೂರು ತಾಸು ಮಳೆಯಲ್ಲಿ ನಿಂತವರು ಅವರು. ಮೊದಲು ಯಾರೋ ಹಿಂದಿನಿಂದ ಶರಣಪ್ಪನ ಅಂಗಿ ಹಿಡಿದೆಳೆದರು. ಅವನು ಕೊಡವಿಕೊಂಡ. ಛತ್ರಿಯ ಹಿಡಿಕೆಯೊಂದು ಅವನ ಕಿವಿಗೆ ಬಿತ್ತು. ಆಮೇಲೆ ಎಲ್ಲ ಕೈಗಳೂ ಎದ್ದವು. ಅವನನ್ನು ಮೆಟ್ಟಿಲಿನಿಂದ ಕೆಳಗೆ, ಮೊಣಕಾಲುದ್ದದ ನೀರಿಗೆ ಕೆಡವಿ ತುಳಿದರು. ನನಗೆ ದಿನಾ ನಮಸ್ಕಾರ ಹೇಳುತ್ತಿದ್ದ ಹೆಂಗಸೊಬ್ಬಳು ಚಪ್ಪಲಿ ತೆಗೆದು ಹೊಡೆಯುತ್ತಿದ್ದಳು. ಮಲ್ಲಮ್ಮ ನಡುವೆ ಬಿದ್ದಳು, ಅವಳನ್ನು ಕೂದಲು ಹಿಡಿದು ಆಚೆಗೆಸೆದರು. ಎದ್ದು ಅಂಗಡಿಯೊಳಗೆ ನುಗ್ಗಿ ಸಾಳ್ವಿಯ ಮುಂಗೈಗೆ ಹಲ್ಲು ಹಾಕಿದಳು. ಅವನು ಕಿರುಚಿ ಅವಳ ಮುಖಕ್ಕೆ ಗುದ್ದುವವರೆಗೂ ಬಿಡಲಿಲ್ಲ.

ಭಾಸ್ಕರ ಅದೇ ಸಾಲಿನಲ್ಲಿದ್ದ. ಜನರನ್ನು ಸರಿಸಿಕೊಂಡು ಬಂದು, ಬಿದ್ದವನ ಹೆಗಲಿನಿಂದ ಕೊಕ್ಕೆ ಕಿತ್ತುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಕ್ಷಣ ಅದನ್ನು ಕೈಯಲ್ಲಿ ಹಿಡಿದು ನೋಡಿದ, ಏನು ಮಾಡುವುದೆಂದು ತಿಳಿಯದವನ ಹಾಗೆ. ಆಮೇಲೆ ಬೀಸಿದ. ಕೊಕ್ಕೆ ಶರಣಪ್ಪನ ಬಲಗಡೆ ಕೊರಳಮೂಳೆಯ ಕೆಳಗೆ ಹೊಕ್ಕಿತು. ಭಾಸ್ಕರ ಅದನ್ನು ಎಳೆದ, ಬರಲಿಲ್ಲ. ಇನ್ನೊಮ್ಮೆ ಎಳೆದ. ಆಗ ಶರಣಪ್ಪನ ಬಾಯಿಂದ ಹೊರಟ ಕೂಗು ಮನುಷ್ಯರದ್ದಾಗಿರಲಿಲ್ಲ. ನಾಲೆಯ ನೀರು ಅವನ ಸುತ್ತ ಕೆಂಪಾಯಿತು.

ಜನ ಹಿಂದೆ ಸರಿದರು. ಅಷ್ಟರಲ್ಲಿ, ಗುದ್ದು ತಿಂದು ಒಳಗೆ ಬಿದ್ದಿದ್ದ ಮಲ್ಲಮ್ಮ ಏಳಲು ಹೋಗಿ ಅಂಗಡಿಯ ಹಿಂಭಾಗಕ್ಕೆ ಮರೆಯಾಗಿ ಕಟ್ಟಿದ್ದ ಟಾರ್ಪಾಲು ಹಿಡಿದಿರಬೇಕು, ಅದು ಹರಿದು ಕೆಳಗೆ ಬಂತು. ಹಿಂದೆ ಸೂರಿನವರೆಗೂ ಚೀಲಗಳಿದ್ದವು, ಸರ್ಕಾರದ ಮುದ್ರೆಯವು, ಎಲ್ಲ ಭರ್ತಿ. ಒಂದು ವಾರದಿಂದ ಸ್ಟಾಕ್ ಮುಗಿದಿದೆ ಎಂದು ನಾನು ಅದೇ ಜನರಿಗೆ ಹೇಳುತ್ತಾ ಬಂದಿದ್ದೆ. ಜನ ಚೀಲಗಳನ್ನು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನುಗ್ಗಿದರು. ಶರಣಪ್ಪನನ್ನು ದಾಟಿ, ಕೆಲವರು ಅವನನ್ನು ತುಳಿದೇ ನುಗ್ಗಿದರು. ಚೀಲಗಳನ್ನು ಹಲ್ಲಿನಿಂದ, ಉಗುರಿನಿಂದ ಹರಿದರು. ಸಾಳ್ವಿಯನ್ನು ಅವನದೇ ಸರಳಿನಿಂದ ಹೊಡೆದರು. ತೂಕದ ತಟ್ಟೆಯನ್ನು ಯಾರೋ ಎಸೆದರು, ಅದು ನನ್ನ ಬಲಗಿವಿಯ ಹಿಂದೆ ತಾಗಿ, ರಕ್ತ ಕುತ್ತಿಗೆಗೆ ಬೆಚ್ಚಗೆ ಇಳಿಯಿತು. ನಾನು ಗೋಡೆಗೆ ಒರಗಿ ನೋಡಿದೆ. ಕೆಸರು, ರಕ್ತ, ಗಾಜು ಬೆರೆತ ಅಕ್ಕಿಯನ್ನು ಹೆಂಗಸರು ಸೆರಗಿಗೆ ಬಾಚುತ್ತಿದ್ದರು. ನಮ್ಮ ಬಿಲ್ಡಿಂಗಿನ ಸ್ಕೂಟರಿನವಳೂ ದುಪಟ್ಟಾ ಬಿಚ್ಚಿ ತುಂಬಿಕೊಳ್ಳುತ್ತಿದ್ದಳು.

ಮಲ್ಲಮ್ಮ ಗಂಡನ ತಲೆಯನ್ನು ನೀರಿನಿಂದ ಮೇಲೆತ್ತಿ, ಗಾಯಕ್ಕೆ ಸೆರಗು ಒತ್ತಿ ಹಿಡಿದಿದ್ದಳು. ನನ್ನನ್ನು ಕಂಡು, "ಅಕ್ಕಾರ, ರಿಕ್ಷಾ ಕರೀರಿ" ಎಂದಳು. ಅಷ್ಟೆಲ್ಲ ಆದ ಮೇಲೂ ನನ್ನನ್ನೇ ಕರೆದಳು. ರಕ್ತ ನೋಡಿ ಎರಡು ರಿಕ್ಷಾಗಳು ನಿಲ್ಲಲಿಲ್ಲ. ಮೂರನೆಯದರ ಎದುರಿಗೆ ನಾನು ಅಡ್ಡ ನಿಂತೆ. ಅವರನ್ನು ಹತ್ತಿಸಿದೆ. ನಾನು ಮಾತ್ರ ಹತ್ತಲಿಲ್ಲ.

ಪೊಲೀಸರು ಬಂದಾಗ ತಲೆಗೆ ಪಂಚೆ ಸುತ್ತಿಕೊಂಡಿದ್ದ ಸಾಳ್ವಿ ಎಲ್ಲ ಹೇಳಿ ಮುಗಿಸಿದ್ದ. ಹೊರರಾಜ್ಯದ ಹಮಾಲನೊಬ್ಬ ಕೊಕ್ಕೆ ಹಿಡಿದು ಅಂಗಡಿ ಲೂಟಿಗೆ ಬಂದ, ಗಲಾಟೆಯಲ್ಲಿ ತನ್ನ ಕೊಕ್ಕೆಯ ಮೇಲೆ ತಾನೇ ಬಿದ್ದ. ನಿಜವೇ ಎಂದು ನನ್ನನ್ನು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಹೊಲಿಗೆ ಹಾಕಿಸಿಕೊಂಡು ಎರಡು ದಿನ ಬಿಟ್ಟು ಬಂದು ಬರೆದುಕೊಡಿ ಎಂದರು.

ಮಾರನೇ ದಿನ ಸಾಳ್ವಿ ಮನೆಗೆ ಬಂದ. ನಮ್ಮ ಫ್ರಿಜ್ಜನ್ನೂ ವಾಷಿಂಗ್ ಮಷಿನ್ನನ್ನೂ ಒಮ್ಮೆ ನಿಧಾನಕ್ಕೆ ನೋಡಿ, ಕಾರ್ಡುಗಳ ತನಿಖೆ ಬಂದರೆ ಎಲ್ಲರದ್ದೂ ಹೊರಗೆ ಬೀಳುತ್ತದೆ ಎಂದ. ಜಗನ್ನಾಥರು ಅವನಿಗೆ ಚಹಾ ಕೊಡಲು ಹೇಳಿದರು. ಅವನು ಹೋದ ಮೇಲೆ ತುಳುವಿನಲ್ಲಿ ನನ್ನನ್ನು ಬೇಡಿಕೊಂಡರು, ಮಗಳ ಮದುವೆಯಾಗಬೇಕಾದ ಮನೆ ಇದು, ಯಾರದೋ ಜಗಳಕ್ಕೆ ತಲೆ ಕೊಡಬೇಡ ಎಂದು.

ನಾನು ಸರ್ಕಾರಿ ಆಸ್ಪತ್ರೆಗೆ ಹೋದೆ, ಹೊಲಿಗೆ ತೋರಿಸುವ ನೆಪದಲ್ಲಿ. ಶರಣಪ್ಪ ವಾರ್ಡಿನ ಮೂಲೆಯಲ್ಲಿದ್ದ. ಎಡಗೈಯನ್ನು ಮಂಚಕ್ಕೆ ಸರಪಳಿಯಲ್ಲಿ ಬಿಗಿದಿದ್ದರು. ಬಲಗೈಯನ್ನು ಬಿಗಿಯುವ ಅಗತ್ಯವಿರಲಿಲ್ಲ, ಅದರಲ್ಲಿ ಜೀವ ಇರಲಿಲ್ಲ. ನರ ಹರಿದಿದೆ ಎಂದು ನರ್ಸ್ ಹೇಳಿದಳು. ಬಾಗಿಲಲ್ಲಿ ಕಾನ್‌ಸ್ಟೇಬಲ್ ಕೂತಿದ್ದ. ಮಲ್ಲಮ್ಮನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಮೂರ ತಿಂಗಳು" ಎಂದಳು. "ನನ್ನ ಹುಡುಗಿ ಗಂಜಿ ನೀರು ಕುಡದಾಳ. ನೀವು ಬಿಸ್ಕೀಟು ಕೊಟ್ಟಿದ್ರಿ." ಆಮೇಲೆ ಹಿಂದಿಯಲ್ಲಿ, ಅಪರಿಚಿತರಿಗೆ ಹೇಳುವಂತೆ, "ಜಾಓ ಯಹಾಂ ಸೇ" ಎಂದು ಮುಖ ತಿರುಗಿಸಿದಳು.

ಆಸ್ಪತ್ರೆಯಿಂದ ಮನೆಗೆ ಹೋಗಿ, ಕಬಾಟಿನಿಂದ ನಮ್ಮ ಕೇಸರಿ ಕಾರ್ಡು ತೆಗೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದೆ. ಎರಡು ತಾಸು ಕೂತು ಎಲ್ಲ ಬರೆಸಿದೆ. ಮಷಿನ್ ಮೂರು ತಿಂಗಳಿಂದ ಅವರ ಹೆಸರು ತೋರಿಸುತ್ತಿತ್ತು ಎಂದು, ಇಲ್ಲವೆಂದು ಹೇಳಿದ್ದು ನಾನೇ ಎಂದು, ಚೀಲಗಳು ಟಾರ್ಪಾಲಿನ ಹಿಂದಿದ್ದವು ಎಂದು, ಕೊಕ್ಕೆ ಬೀಸಿದ್ದು ಭಾಸ್ಕರ ಎಂದು. ಕೊನೆಗೆ ನನ್ನ ಕಾರ್ಡನ್ನೂ ಮೇಜಿನ ಮೇಲಿಟ್ಟೆ. ಬರೆದುಕೊಳ್ಳುತ್ತಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟ.

"ತಾಈ, ಇದರಿಂದ ನಿಮಗೇನು ಸಿಗುತ್ತದೆ?" ಎಂದು ಹಿಂದಿಯಲ್ಲಿ ಕೇಳಿದ. ಇದನ್ನು ರೇಷನ್ ಆಫೀಸಿಗೆ ಕೊಡಿ, ನಮಗೆ ಬೇಡ ಎಂದು ಕಾರ್ಡನ್ನು ತಿರುಗಿ ಸರಿಸಿದ. ನಾನು ಅಲ್ಲಿಗೂ ಹೋಗಿ ಕೊಟ್ಟೆ.

ಆ ಸಂಜೆ ಜಗನ್ನಾಥರು ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಎತ್ತಿ ಗೋಡೆಗೆಸೆದರು. ಅದು ನನ್ನ ತಲೆಯಿಂದ ಗೇಣು ದೂರದಲ್ಲಿ ಬಡಿಯಿತು. ಮಗಳು ನಡುವೆ ಬಂದು ನಿಂತು, "ಪಪ್ಪಾ, ಬಸ್ ಕರೋ, ಸಾಕು" ಎಂದಳು. ಅದಾದ ಮೇಲೆ ಅವರು ನನ್ನ ಹತ್ತಿರ ಒಂದೂವರೆ ತಿಂಗಳು ಮಾತಾಡಲಿಲ್ಲ.

ಶರಣಪ್ಪನ ಸರಪಳಿ ಬಿಚ್ಚಿದರು. ಸಾಳ್ವಿಯ ಲೈಸೆನ್ಸ್ ಹೋಯಿತು. ಅವನು ಮುಂಚಿತವಾಗಿಯೇ ಜಾಮೀನು ತೆಗೆದುಕೊಂಡಿದ್ದರಿಂದ ಒಂದು ದಿನವೂ ಒಳಗೆ ಕೂರಲಿಲ್ಲ. ಒಳಗೆ ಹೋದವನು ಭಾಸ್ಕರ. ಹೆಸರು ಕತ್ತರಿಸಿಕೊಂಡವನು, ಹಲ್ಲು ಉದುರಿಸಿಕೊಂಡವನು. ನಾನು ಹೇಳಿದ್ದು ನಿಜ, ಆ ನಿಜದ ಭಾರವೆಲ್ಲ ಹೋಗಿ ಬಿದ್ದದ್ದು ಅವನ ಮೇಲೆ. ಒಂದು ಬೆಳಿಗ್ಗೆ ನಾನು ಹಾಲು ತರಲು ಇಳಿದಾಗ ಅವನ ಹೆಂಡತಿ ಗೇಟಿನ ಬಳಿ ಕಾದಿದ್ದಳು. ನನ್ನ ಜಡೆ ಕೈಗೆ ಸುತ್ತಿಕೊಂಡು, ಕಾಲಿನಿಂದ ಚಪ್ಪಲಿ ತೆಗೆದು ಮುಖಕ್ಕೆ ಹೊಡೆದಳು. ಒಂದು, ಎರಡು, ತುಟಿ ಒಡೆಯುವವರೆಗೆ. ವಾಚ್‌ಮನ್ ಬಿಡಿಸಲು ಓಡಿ ಬಂದ, ನಾನು ಬೇಡವೆಂದೆ. ಅವಳೇ ಸುಸ್ತಾಗಿ ನೆಲಕ್ಕೆ ಕೂತು ಅಳತೊಡಗಿದಳು. ಅವರ ಕಾರ್ಡಿನ ಹೆಸರುಗಳನ್ನು ಮತ್ತೆ ಸೇರಿಸಲು ನಾನು ರೇಷನ್ ಆಫೀಸಿಗೆ ಎಷ್ಟು ಸಲ ಹತ್ತಿ ಇಳಿದೆನೋ ನೆನಪಿಲ್ಲ. ದೀಪಾವಳಿ ಕಳೆದು ಸೇರಿತು.

ತನಿಖೆಯೂ ಬಂತು. ನಮ್ಮ ಬಿಲ್ಡಿಂಗಿನ ಅನೇಕರ ಕಾರ್ಡುಗಳು ಹೋದವು. ನಮ್ಮ ಬಾಗಿಲ ಮುಂದೆ ಯಾರೋ ಎರಡು ಸಲ ಕೊಳೆತ ಕಸ ಸುರಿದರು. ಮೂರನೆಯ ಸಲ ಕಿಟಕಿಗೆ ಕಲ್ಲು ಬಂತು. ಮನೆ ಬದಲಿಸುವ ಮಾತು ಶುರುವಾದದ್ದು ಆಗ.

ಹೊಸ ರೇಷನ್ ಅಂಗಡಿ ರೈಲ್ವೆ ಗೋಡೆಯ ಕಡೆ ಆಯಿತು. ಡಿಸೆಂಬರಿನ ಒಂದು ಮಧ್ಯಾಹ್ನ, ನಾವು ಸಾಮಾನು ಕಟ್ಟುತ್ತಿದ್ದ ದಿನಗಳಲ್ಲಿ, ಹಗ್ಗ ತರಲು ಹೋದವಳು ಆ ಅಂಗಡಿಯ ಮುಂದೆ ಹಾದೆ. ಸಾಲು ಮುಗಿದಿತ್ತು. ಅಂಗಡಿಯವನು ಶಟರ್ ಎಳೆದುಕೊಂಡು ಊಟಕ್ಕೆ ಹೋಗಿದ್ದ. ಮೆಟ್ಟಿಲ ಬಳಿ ಮಲ್ಲಮ್ಮ ಒಬ್ಬಳೇ ನಿಂತಿದ್ದಳು, ಕಾಲ ಬಳಿ ಇಪ್ಪತ್ತೈದು ಕಿಲೋ ತುಂಬಿದ ಚೀಲ. ಗಂಡನ ಕೈ ಸರಿಯಿದ್ದಿದ್ದರೆ ಹೊರಲು ಅವನೇ ಬರುತ್ತಿದ್ದ. ಅವನ ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲವಂತೆ, ಯಾವುದೋ ಬಿಲ್ಡಿಂಗಿನ ಗೇಟಿನಲ್ಲಿ ವಾಚ್‌ಮನ್ ಆಗಿ ಕೂರುತ್ತಿದ್ದಾನೆ ಎಂದು ಕೇಳಿದ್ದೆ. ಅವಳು ಚೀಲವನ್ನು ಮೊಣಕಾಲಿನವರೆಗೆ ಎತ್ತಿ, ಅಲ್ಲಿಂದ ಮೇಲೆ ಎಳೆದುಕೊಳ್ಳಲಾಗದೆ ಮತ್ತೆ ಇಳಿಸುತ್ತಿದ್ದಳು. ದಾರಿಯ ಆಚೀಚೆ ನೋಡಿದಳು. ಯಾರೂ ಇರಲಿಲ್ಲ, ನನ್ನ ಹೊರತು.

ಆಮೇಲೆ ಅವಳು ತಲೆಗೆ ಸಿಂಬಿ ಇಟ್ಟುಕೊಂಡು, ನನ್ನ ಮುಖ ನೋಡದೆ, "ಕೈ ಹಚ್ಚರಿ" ಎಂದಳು.

ನಾನು ಹಗ್ಗ ಕೆಳಗಿಟ್ಟು ಚೀಲದ ಒಂದು ಬದಿ ಹಿಡಿದೆ. ಅವಳು ಇನ್ನೊಂದು ಬದಿ. ಸೊಂಟದವರೆಗೆ ಬಂತು, ಎದೆಯವರೆಗೆ ಬಂತು. ಅಲ್ಲೇ ನಿಂತಿತು.

"ಇನ್ನೂ ಮ್ಯಾಲ" ಎಂದಳು.

ಹಿಮ್ಮಡಿಯೆತ್ತಿ ನಿಂತು, ಉಸಿರು ಕಟ್ಟಿ ಎತ್ತಿದೆ. ಚೀಲ ಅವಳ ತಲೆಯ ಮೇಲೆ ಕೂತಿತು. ಅವಳು ಕುತ್ತಿಗೆ ಸರಿಮಾಡಿಕೊಂಡು, ಒಂದು ಕೈ ಚೀಲಕ್ಕೆ ಆನಿಸಿ, ಗೋಡೆಯ ಪಕ್ಕದ ದಾರಿಯಲ್ಲಿ ಮನೆಯ ಕಡೆ ನಡೆದಳು.